ಅತ್ತೆ ತೊಳೆದ ರೀಲು

ಫ್ರಿಜ್ಜಿನಲ್ಲಿ ಮೊಟ್ಟೆ ಇಡುವ ಗುಳಿಯೊಂದರಲ್ಲಿ ಕಪ್ಪು ಡಬ್ಬಿ ಕೂತಿರುವುದನ್ನು ಕಂಡ ನನ್ನ ಹೆಂಡತಿ ಸುಶೀಲ ಬಾಗಿಲನ್ನು ಅರ್ಧ ತೆರೆದಿಟ್ಟುಕೊಂಡೇ ನನ್ನನ್ನು ಕರೆದಳು. "ಇದನ್ನ ಬೇಯಿಸ್ಬೇಕಾ, ಹಂಗೇ ತಿನ್ನೋದಾ?" ಎಂದು ಕೇಳಿದಳು. ಫೋಟೋ ತೆಗೆಯುವ ರೀಲು ಕಣೇ, ತಣ್ಣಗಿದ್ದರೆ ಕೆಡುವುದಿಲ್ಲ ಎಂದೆ. ಅವಳು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಇಷ್ಟು ದಿನ ರೀಲು ಬಿಡ್ತಿದ್ರಿ, ಈಗ ಸಾಕೋದಕ್ಕೂ ಶುರು ಮಾಡಿದ್ರಾ" ಎಂದು ಡಬ್ಬಿಯನ್ನು ಕೊತ್ತಂಬರಿ ಸೊಪ್ಪಿನ ಪಕ್ಕಕ್ಕೆ ವರ್ಗ ಮಾಡಿದಳು.

ಇಲ್ಲದ್ದನ್ನು ಇದ್ದಂತೆ ಬಣ್ಣ ಕಟ್ಟಿ ಹೇಳುವುದಕ್ಕೆ ರೀಲು ಬಿಡುವುದು ಎನ್ನುತ್ತೇವಲ್ಲ, ಆ ವಿದ್ಯೆಯಲ್ಲಿ ನನಗೆ ನೆಂಟರಿಷ್ಟರ ನಡುವೆ ಒಳ್ಳೆಯ ಹೆಸರಿದೆ. ನಾನು ಮಳೆ ಬಂತು ಎಂದರೆ ನಮ್ಮವರು ಒಮ್ಮೆ ಅಂಗಳಕ್ಕೆ ಹೋಗಿ ಕೈಚಾಚಿ ನೋಡಿ ಬರುತ್ತಾರೆ. ಆದ್ದರಿಂದ ಈಗ ಹೇಳಹೊರಟಿರುವುದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಹೇಳುವವನು ನಾನೊಬ್ಬನೇ ಇರುವುದರಿಂದ ನಿಮಗೂ ಬೇರೆ ದಾರಿಯಿಲ್ಲ.

ನಾನು ಸರ್ವೆಯರ್. ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ ನಮ್ಮ ತಾಲ್ಲೂಕಿನಲ್ಲಿ ಅಳೆಯದೆ ಉಳಿದ ಗಟ್ಟಿ ನೆಲವಿಲ್ಲ. ದ್ರಾಕ್ಷಿ ತೋಟ, ಚಕ್ಕೋತದ ಮರದ ಬುಡ, ಅಣ್ಣ ತಮ್ಮಂದಿರು ಮಾತು ಬಿಟ್ಟಿರುವ ಬದು, ಎಲ್ಲದರ ಮೇಲೂ ನನ್ನ ಚೈನು ಹರಿದಾಡಿದೆ. ದೂರವನ್ನು ಕಣ್ಣಳತೆಯಲ್ಲೇ ಹೇಳಬಲ್ಲೆ ಎಂಬ ಜಂಬ ನನಗೆ ಈ ಕೆಲಸ ಸಿಗುವ ಮೊದಲಿನಿಂದಲೂ ಇತ್ತು. ಆ ಜಂಬವೇ ನನ್ನನ್ನು, ದೂರ ಅಳೆದು ಫೋಟೋ ತೆಗೆಯುವ ರೇಂಜ್‌ಫೈಂಡರ್ ಕ್ಯಾಮೆರಾಗಳ ಕಡೆ ಎಳೆದದ್ದು.

ಅದೇನೆಂದು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಈ ಕ್ಯಾಮೆರಾದಲ್ಲಿ ನಾವು ನೋಡುವುದು ಲೆನ್ಸಿನ ಮೂಲಕವಲ್ಲ, ಮೂಲೆಯಲ್ಲಿರುವ ಒಂದು ಪುಟ್ಟ ಕಿಟಕಿಯ ಮೂಲಕ. ಕಿಟಕಿಯ ನಡುವೆ ಒಂದು ಚೌಕ. ಅದರೊಳಗೆ ಒಬ್ಬ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಲೆನ್ಸಿನ ಉಂಗುರ ತಿರುಗಿಸುತ್ತಾ ಹೋದರೆ ಇಬ್ಬರೂ ಹತ್ತಿರ ಬಂದು, ಒಬ್ಬನೊಳಗೊಬ್ಬ ಸೇರಿ ಒಬ್ಬನೇ ಆಗುತ್ತಾರೆ. ಆಗ ಒತ್ತಬೇಕು. ಎರಡು ಸರ್ವೆ ನಂಬರನ್ನು ಒಂದು ಮಾಡಿದ ಹಾಗೆ ನನಗೆ ಅದರಲ್ಲಿ ಏನೋ ತೃಪ್ತಿ.

ಹಳೆಯ ರೀಲಿನ ಕ್ಯಾಮೆರಾವನ್ನು ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ ಎಷ್ಟೋ ವರ್ಷವಾಗಿತ್ತು. ಇದೇ ಜಾತಿಯಲ್ಲಿ ಡಿಜಿಟಲ್ ಬಂದಿದೆ ಎಂದು ತಿಳಿದಾಗ ಸೆಕೆಂಡ್ ಹ್ಯಾಂಡ್ ಒಂದನ್ನು ತಂದೆ. ಪೆಟ್ಟಿಗೆ ಬಿಚ್ಚಿದಾಗ ಸುಶೀಲ, "ಹೊಸದು ತರ್ತೀನಿ ಅಂದೋರು ಅಟ್ಟದಲ್ಲಿರೋದನ್ನೇ ಒರೆಸ್ಕೊಂಡು ಬಂದ್ರಾ" ಎಂದಳು. ನೋಡಲು ಅದು ಹಾಗೇ ಇತ್ತು. ಹಳೆಯದರಂತೆ ಕಾಣಲಿ ಎಂದೇ ಅವರು ಹೆಚ್ಚು ಬೆಲೆ ಇಡುತ್ತಾರೆ ಎನ್ನುವುದನ್ನು ನಾನು ಅವಳಿಗೆ ಹೇಳಲಿಲ್ಲ.

ಮೊದಲ ಸಲ ಅದನ್ನು ನಾನು ಹೊರಗೆ ತೆಗೆದದ್ದು ನಮ್ಮ ಹಿರಿಯ ಗುಮಾಸ್ತರ ಬೀಳ್ಕೊಡುಗೆಗೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಒಂದನ್ನೂ ಬಿಡದೆ ತೆಗೆದೆ. ನೋಡುವ ಕಿಟಕಿ ಬೇರೆ, ಲೆನ್ಸು ಬೇರೆ ಎಂದೆನಲ್ಲ. ಲೆನ್ಸಿಗೆ ಮುಚ್ಚಳ ಹಾಕಿದ್ದರೂ ಕಿಟಕಿಯಲ್ಲಿ ಲೋಕ ಬೆಳ್ಳಗೆ ಕಾಣುತ್ತಲೇ ಇರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ಕ್ಯಾಮೆರಾದ ಬೆನ್ನಿನ ಪರದೆಗೆ ಮುತ್ತಿಕೊಂಡರು. ಮೂವತ್ತು ಫೋಟೋ, ಮೂವತ್ತೂ ಕಪ್ಪು. "ನಾನು ಆಫೀಸು ಬಿಡೋದು ನಾಳೆಯಿಂದ ಕಣಪ್ಪಾ, ಇವತ್ತೇ ದೀಪ ಆರಿಸ್ಬಿಟ್ಯಲ್ಲ" ಎಂದು ಗುಮಾಸ್ತರು ಮೆಲ್ಲಗೆ ಹೇಳಿದರು. ರೀಲಿನ ಕಾಲದಲ್ಲೂ ಇಂಥ ಕೆಲಸ ನಾನು ಮಾಡಿದ್ದುಂಟು. ಆಗ ಮರ್ಯಾದೆ ಹೋಗಲು ಒಂದು ವಾರ ಹಿಡಿಯುತ್ತಿತ್ತು. ಅಷ್ಟರೊಳಗೆ ಸ್ಟುಡಿಯೋದವನ ಮೇಲೆ ಹಾಕಲು ಏನಾದರೊಂದು ಹೊಳೆಯುತ್ತಿತ್ತು.

ಅದನ್ನು ಕೊಟ್ಟು ಇನ್ನೊಂದು ಡಿಜಿಟಲ್ ತಂದೆ. ಇದರ ಪರದೆ ಮೊದಲಿನದಕ್ಕಿಂತ ದೊಡ್ಡದು, ಎಂದರೆ ನನ್ನ ಕಷ್ಟವೂ ದೊಡ್ಡದು. ನಮ್ಮ ತಾಲ್ಲೂಕಿನ ವಿಜಯಪುರದ ಹತ್ತಿರ ದ್ರಾಕ್ಷಿ ಬೆಳೆಯುವ ಮುನಿಶಾಮಪ್ಪ ಎಂಬುವರ ಜಮೀನು ಅಳೆದು ಮುಗಿಸಿ, ಅವರನ್ನು ಚಪ್ಪರದ ಕೆಳಗೆ ನಿಲ್ಲಿಸಿ ಒಂದು ತೆಗೆದೆ. ಅವರು ನಿಧಾನವಾಗಿ ನಡೆದು ಬಂದು, ಪರದೆ ನೋಡಿ, "ಕತ್ತು ಸರಿಯಿಲ್ಲ, ತೆಗ್ದಾಕು" ಎಂದು ಮತ್ತೆ ನಡೆದು ಹೋಗಿ ನಿಂತರು. ಎರಡನೆಯದಕ್ಕೆ ಕಣ್ಣು ಸರಿಯಿಲ್ಲ, ಮೂರನೆಯದಕ್ಕೆ ಬಳ್ಳಿ ಸರಿಯಿಲ್ಲ. ಹನ್ನೊಂದನೆಯದಕ್ಕೆ ನಾನೇ ಸರಿಯಿಲ್ಲ ಎಂದು ತೀರ್ಮಾನವಾಯಿತು. "ಕೊಡಿಲ್ಲಿ, ನೀನು ಹೋಗಿ ನಿಂತ್ಕೊ" ಎಂದು ಕ್ಯಾಮೆರಾ ಇಸಿದುಕೊಂಡರು. ಆ ತೋಟದಲ್ಲಿ ಕೊನೆಗೆ ಉಳಿದದ್ದು ಒಂದೇ ಫೋಟೋ, ಅದರಲ್ಲಿರುವವನು ನಾನು, ಅದೂ ಚೆನ್ನಾಗಿ ಬಂದಿದೆ.

ಹೀಗೆ ಎರಡು ಡಿಜಿಟಲ್‌ಗಳ ಕೈಯಲ್ಲೂ ಅವಮಾನವಾದ ಮೇಲೆ ಒಂದು ದಿನ ಅಟ್ಟ ಹತ್ತಿ ಪಂಚೆ ಬಿಚ್ಚಿದೆ. ಹಳೆಯ ಕ್ಯಾಮೆರಾ ಸುಮ್ಮನೆ ಕೂತಿತ್ತು. ಬೆಂಗಳೂರಿನಲ್ಲಿ ಒಬ್ಬ ಮುದುಕರ ಹತ್ತಿರ ಅದನ್ನು ರಿಪೇರಿ ಮಾಡಿಸಿ, ರೀಲು ಹುಡುಕಿ ತಂದು ಫ್ರಿಜ್ಜಿನಲ್ಲಿಟ್ಟೆ. ಪರದೆಯಿಲ್ಲ, ತೋರಿಸು ಎನ್ನುವವರಿಲ್ಲ, ತೆಗೆದುಹಾಕು ಎನ್ನುವವರಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಡಿಜಿಟಲ್‌ನಲ್ಲಿ ಒಂದು ಸುಖವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಅದರಲ್ಲಿ ರೀಲು ಇರಲಿಲ್ಲ. ರೀಲಿನ ಡಬ್ಬಿ ಕಣ್ಣಿಗೆ ಬಿದ್ದರೆ ನನಗೆ ನಾರಾಯಣಮ್ಮತ್ತೆಯ ನೆನಪಾಗುತ್ತಿತ್ತು, ನೆನಪಾದರೆ ಡಬ್ಬಿಯನ್ನು ಕಣ್ಣಿಗೆ ಕಾಣದ ಕಡೆಗೆ ಸರಿಸುತ್ತಿದ್ದೆ.

ನಾರಾಯಣಮ್ಮತ್ತೆ ನಮ್ಮಪ್ಪನ ತಂಗಿ. ನಂದಗುಡಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಅವಳ ಗಂಡ ಪಿಳ್ಳಪ್ಪ ಮಾವ, ಒಬ್ಬಳೇ ಮಗಳು ಮಂಜುಳ. ಮಂಜುಳನ ಮದುವೆ ಗೊತ್ತಾದಾಗ ನನಗೆ ಇಪ್ಪತ್ತೊಂದು. ಆಗ ತಾನೇ ಈ ಕ್ಯಾಮೆರಾ ಕೊಂಡಿದ್ದೆ. "ಸ್ಟುಡಿಯೋದವರು ಯಾಕೆ ಮಾವ, ನಾನಿಲ್ವಾ?" ಎಂದೆ. ನನ್ನ ಜೀವನದ ದೊಡ್ಡ ರೀಲು ಅದೇ ಇರಬೇಕು. ಮಾವ ನಂಬಿದರು.

ಮದುವೆ ಮನೆಮುಂದಿನ ಚಪ್ಪರದಲ್ಲೇ ನಡೆಯಿತು. ಧಾರೆ, ಅಕ್ಷತೆ, ಬೀಗರ ಗುಂಪು, ಅಡಿಗೆ ಭಟ್ಟರ ಹೊಟ್ಟೆ, ಎಲ್ಲ ತೆಗೆದೆ. ಕೊನೆಗೆ ಅತ್ತೆ ಮಾವನನ್ನು ಹೊಸಿಲ ಮುಂದೆ ಜೊತೆಯಾಗಿ ನಿಲ್ಲಿಸಿದೆ. ಅವರಿಬ್ಬರೂ ಒಟ್ಟಿಗೆ ಫೋಟೋಕ್ಕೆ ನಿಂತದ್ದು ಅದೇ ಮೊದಲು. ಮೂವತ್ತಾರು ಫೋಟೋದ ರೀಲು ಅದು. ನಾನು ಎಣಿಸಿದ ಪ್ರಕಾರ ಐವತ್ತೆರಡು ತೆಗೆದಿದ್ದೆ. ರೀಲನ್ನು ಮುಂದಕ್ಕೆ ಎಳೆಯುವ ಲಿವರು ಇನ್ನೂ ಸಲೀಸಾಗಿ ತಿರುಗುತ್ತಿತ್ತು. ಒಳ್ಳೆಯ ಕಂಪನಿಯ ರೀಲು, ಧಾರಾಳವಾಗಿ ಕೊಟ್ಟಿದ್ದಾರೆ ಎಂದು ಬೀಗರ ಮುಂದೆಯೂ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ, ಅತ್ತೆಯ ಮನೆಯಲ್ಲೇ, ಅನುಮಾನ ಬಂತು. ಬೆಳಕು ತಾಗಿ ರೀಲು ಕೆಡದಿರಲಿ ಎಂದು ಕಂಬಳಿ ಹೊದ್ದು, ಅದರೊಳಗೆ ಕ್ಯಾಮೆರಾದ ಬೆನ್ನು ತೆರೆದು ಕೈಯಾಡಿಸಿದೆ. ರೀಲಿನ ತುದಿ ಅದನ್ನು ಎಳೆಯುವ ಚಕ್ರದ ಹಲ್ಲಿಗೆ ಕಚ್ಚಿಕೊಂಡಿರಲೇ ಇಲ್ಲ. ಒಂದು ಅಂಗುಲವೂ ಮುಂದೆ ಹೋಗಿರಲಿಲ್ಲ. ಐವತ್ತೆರಡು ಸಲ ನಾನು ಗಾಳಿಯನ್ನು ಒತ್ತಿದ್ದೆ. ಇಡೀ ಮದುವೆಯಲ್ಲಿ ಒಂದು ಫೋಟೋ ಇಲ್ಲ.

ಹೇಳಿಬಿಡಬಹುದಾಗಿತ್ತು. ಆದರೆ ನಮ್ಮಲ್ಲಿ ಅತ್ತೆ ಮಗಳೆಂದರೆ ವರಸೆಯಲ್ಲಿ ಹೆಣ್ಣು. ಮಂಜುಳನನ್ನು ನನಗೇ ಕೊಡುತ್ತಾರೆಂದು ಊರೆಲ್ಲ ಆಡಿಕೊಂಡಿತ್ತು. ಕೆಲಸವಿಲ್ಲದವನಿಗೆ ಯಾಕೆ ಎಂದು ಮಾತು ನಿಂತುಹೋಗಿತ್ತು. ನನಗೆ ಒಂದಿಷ್ಟು ಆಸೆ ಇತ್ತೋ ಇಲ್ಲವೋ ಎನ್ನುವುದನ್ನು ಇಲ್ಲಿ ಬರೆದರೆ ನಾಳೆ ಬೆಳಿಗ್ಗೆ ಕಾಫಿ ಸಿಗುವುದಿಲ್ಲ. ಈಗ ಅವಳ ಮದುವೆಯ ಫೋಟೋ ಒಂದೂ ಬಂದಿಲ್ಲ ಎಂದರೆ, ಹೊಟ್ಟೆಯುರಿಗೆ ಬೇಕಂತಲೇ ಮಾಡಿದ ಎನ್ನುವುದರಲ್ಲಿ ಯಾರಿಗೂ ಸಂಶಯ ಇರುತ್ತಿರಲಿಲ್ಲ. ಅದಕ್ಕೇ ರೀಲನ್ನು ಡಬ್ಬಿಗೆ ಹಾಕಿ ಗೋಡೆಯ ಗೂಡಿನಲ್ಲಿಟ್ಟು, "ತೊಳೆಸ್ಬೇಕು ಅತ್ತೆ, ದೊಡ್ಡಬಳ್ಳಾಪುರದಲ್ಲಿ ಕೊಡ್ಬೇಕು, ಟೈಮ್ ಹಿಡಿಯತ್ತೆ" ಎಂದೆ. ಯೋಚಿಸಲು ಎರಡು ದಿನ ಸಿಕ್ಕರೆ ಸಾಕಿತ್ತು.

ಆಗೆಲ್ಲ ನಾವು ಹಾಗೇ ಹೇಳುತ್ತಿದ್ದದ್ದು. ರೀಲು ತೊಳೆಸುವುದು, ಫೋಟೋ ತೊಳೆಸುವುದು. ಸ್ಟುಡಿಯೋದವರು ಕತ್ತಲೆ ಕೋಣೆಯಲ್ಲಿ ಔಷಧಿ ಹಾಕಿ ಮಾಡುವ ಕೆಲಸ ಅದು. ಅತ್ತೆಗೆ ತೊಳೆಯುವುದೆಂದರೆ ತೊಳೆಯುವುದೇ. ಎರಡು ದಿನಕ್ಕೆ ಬೀಗರೂಟ, ಗಂಡಿನ ಕಡೆಯವರು ಬರುವಷ್ಟರಲ್ಲಿ ಫೋಟೋ ತೋರಿಸಬೇಕೆಂದು ಅವಳ ಆಸೆ. ಇಷ್ಟಕ್ಕೆ ದೊಡ್ಡಬಳ್ಳಾಪುರದವರೆಗೆ ಯಾಕೆ ಎಂದುಕೊಂಡಳು. ನಾನು ಸ್ನಾನ ಮುಗಿಸಿ ಬರುವ ಹೊತ್ತಿಗೆ ಹಿತ್ತಲಲ್ಲಿ ಅಂಟುವಾಳದ ನೊರೆ ಎದ್ದಿತ್ತು. ರೇಷ್ಮೆ ಸೀರೆಗೆ ಹಾಕುವ ಅಂಟುವಾಳ. ರೀಲನ್ನು ಪೂರ್ತಿ ಹೊರಗೆಳೆದು, ಮೆತ್ತಗೆ ಉಜ್ಜಿ, ಎರಡು ನೀರಿನಲ್ಲಿ ಜಾಲಿಸಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಉದ್ದಕ್ಕೂ ನೇತುಹಾಕಿ, ಎದುರಿಗೆ ಮಣೆ ಹಾಕಿಕೊಂಡು ಕೂತಿದ್ದಳು.

"ಇನ್ನೂ ಏನೂ ಮೂಡಿಲ್ಲ ಕಣ್ಲಾ. ಬಿಸ್ಲು ಏರ್ಲಿ ಅಂತ ಕಾಯ್ತಿದೀನಿ" ಎಂದಳು.

ನನಗೆ ನಗು ಬರಬೇಕಿತ್ತು. ಬಂದದ್ದು ಉಪಾಯ. ತಲೆಯ ಮೇಲೆ ಎರಡೂ ಕೈ ಹೊತ್ತು, "ಏನ್ ಕೆಲ್ಸ ಮಾಡ್ಬಿಟ್ಟೆ ಅತ್ತೆ, ಎಲ್ಲಾ ಹೊರಟೋಯ್ತಲ್ಲ" ಎಂದೆ. ಮನೆಮಂದಿಯೆಲ್ಲ ಓಡಿ ಬಂದರು. ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು. ನನ್ನನ್ನು ಸಮಾಧಾನ ಮಾಡಿದವರೇ ಎಲ್ಲರೂ. ಅವಳನ್ನು ಯಾರೂ ಮಾಡಲಿಲ್ಲ.

ಆ ಕತೆ ನಮ್ಮ ನೆಂಟರಲ್ಲಿ ಎಲ್ಲರ ಬಾಯಲ್ಲೂ ಹರಿದಾಡಿತು. ಯಾವ ಮದುವೆಯಲ್ಲಿ ಕ್ಯಾಮೆರಾ ಕಂಡರೂ, "ನಾರಾಯಣಮ್ಮನ ಕೈಗೆ ಕೊಡ್ಬೇಡ್ರಪ್ಪಾ" ಎಂದು ಯಾರಾದರೂ ಅನ್ನುವರು. ಎಲ್ಲರೂ ನಗುವರು, ಅವಳೂ ನಗುವಳು. ಮೂರು ವರ್ಷಕ್ಕೆ ಮಾವ ತೀರಿಕೊಂಡರು. ಗೋಡೆಗೆ ಹಾಕಲು ಫೋಟೋ ಇರಲಿಲ್ಲ. ವೋಟಿನ ಕಾರ್ಡಿನದ್ದನ್ನು ದೊಡ್ಡದು ಮಾಡಿಸಿದರು. ಆ ಫೋಟೋದಲ್ಲಿ ಮಾವ ಠಾಣೆಗೆ ಕರೆಸಿದವರಂತೆ ಗಾಬರಿಯಾಗಿದ್ದಾರೆ. ಅದರ ಮುಂದೆ ನಿಂತಾಗಲೆಲ್ಲ ನಾನು ನೆಲ ನೋಡುತ್ತಿದ್ದೆ. ಆಗಲೂ ಹೇಳಲಿಲ್ಲ.

ಹಳೆಯ ಕ್ಯಾಮೆರಾ ರಿಪೇರಿಯಾಗಿ ಬಂದ ತಿಂಗಳಲ್ಲೇ ಹೊಸಕೋಟೆಯಲ್ಲಿ ಮಂಜುಳನ ಹೊಸ ಮನೆಯ ಗೃಹಪ್ರವೇಶ. ಅವಳ ಗಂಡ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ನಾನು ಕ್ಯಾಮೆರಾ ಹಾಕಿಕೊಂಡು ಹೋದೆ. ಅಡಿಗೆಮನೆಯಲ್ಲಿ ಐದಾರು ಹೆಂಗಸರು ಎಲೆ ಒರೆಸುತ್ತಾ ಕೂತಿದ್ದರು, ನಡುವೆ ಅತ್ತೆ. ರೀಲು ಬದಲಿಸಲು ಡಬ್ಬಿಯನ್ನು ಹೊರತೆಗೆದು, ಕೈ ಖಾಲಿಯಿಲ್ಲದೆ, "ಸ್ವಲ್ಪ ಹಿಡ್ಕೊ ಅತ್ತೆ" ಎಂದು ಯೋಚಿಸದೆ ಚಾಚಿದೆ.

ಅತ್ತೆ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಬ್ಯಾಡಪ್ಪಾ. ನನ್ನ ಕೈ ಒಳ್ಳೇದಲ್ಲ, ಅತ್ಲಾಗೆ ಬೀರುನಲ್ಲಿಡು" ಎಂದಳು. ಹೆಂಗಸರು ನಕ್ಕರು. ಅವಳು ಈ ಸಲ ನಗಲಿಲ್ಲ. ಎಪ್ಪತ್ತು ದಾಟಿದ ಹೆಂಗಸು, ನನ್ನನ್ನು ಎತ್ತಿ ಆಡಿಸಿದವಳು, ನನ್ನ ಮುಂದೆ ಕೈ ಬಚ್ಚಿಟ್ಟುಕೊಂಡಿದ್ದಳು. ನನಗೆ ತಡೆಯಲಾಗಲಿಲ್ಲ.

"ಆವತ್ತು ಆ ರೀಲಲ್ಲಿ ಏನೂ ಇರ್ಲಿಲ್ಲ ಅತ್ತೆ. ನಾನೇ ಸರಿಯಾಗಿ ಹಾಕಿರ್ಲಿಲ್ಲ. ನೀನು ತೊಳಿಯೋಕೆ ಮುಂಚೇನೇ ನಂಗೆ ಗೊತ್ತಿತ್ತು" ಎಂದುಬಿಟ್ಟೆ.

ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಮಂಜುಳ ಎದ್ದು ಬಂದು ನನ್ನ ಭುಜ ತಟ್ಟಿದಳು. "ನೋಡ್ರೇ ನಮ್ ಬಾವನ್ನ. ಅಮ್ಮ ಬೇಜಾರು ಮಾಡ್ಕೊತಾಳೆ ಅಂತ ಎಷ್ಟು ಚೆನ್ನಾಗಿ ರೀಲು ಬಿಡ್ತಾನೆ" ಎಂದಳು. "ನಿಜ ಕಣೇ ಮಂಜುಳ" ಎಂದೆ. "ಆಯ್ತು ಬಾವ, ನಿಜಾನೇ" ಎಂದು, ಮಗುವಿನ ಮಾತಿಗೆ ತಲೆಯಾಡಿಸುವಂತೆ ಆಡಿಸಿದಳು. ನಾನು ಪ್ರಮಾಣ ಮಾಡಿ ಹೇಳಿದೆ. ಲಿವರು, ಹಲ್ಲು, ಕಂಬಳಿ, ಎಲ್ಲ ವಿವರಿಸಿದೆ. ವಿವರ ಹೆಚ್ಚಿದಷ್ಟೂ ಅವರ ನಗು ಹೆಚ್ಚಿತು. ಒಬ್ಬಾಕೆ, ಎಂಥ ಒಳ್ಳೆಯ ಮನಸ್ಸು ಎಂದು ಕಣ್ಣೊರೆಸಿಕೊಂಡಳು. ಇನ್ನೊಬ್ಬಾಕೆ ಬಿಸಿ ಒಬ್ಬಟ್ಟಿಗೆ ತುಪ್ಪ ಹಾಕಿ ಕೈಗೆ ಕೊಟ್ಟಳು. ಬದುಕಿನಲ್ಲಿ ಒಮ್ಮೆ ನಿಜ ಹೇಳಿದ್ದಕ್ಕೆ ಸುಳ್ಳಿನ ಸನ್ಮಾನ ಪಡೆದು, ಒಬ್ಬಟ್ಟು ಹಿಡಿದುಕೊಂಡು ನಿಂತೆ.

ನಂಬಿದವಳು ಅತ್ತೆ ಒಬ್ಬಳೇ. ಅವಳು ಎಲೆಯನ್ನು ಕೆಳಗಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದು, ಬಾ ಎಂಬಂತೆ ಕೈ ಮಾಡಿ ಮೆಟ್ಟಿಲು ಹತ್ತಿದಳು. ಟೆರೇಸಿನಲ್ಲಿ ಊಟಕ್ಕೆ ಶಾಮಿಯಾನ ಹಾಕಿದ್ದರು, ಇನ್ನೂ ಯಾರೂ ಬಂದಿರಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಕೂತಳು. ನಾನು ನಿಂತೇ ಇದ್ದೆ.

"ಅದರಲ್ಲಿ ಒಂದೂ ಇರ್ಲಿಲ್ವಾ?" ಎಂದಳು.

"ಒಂದೂ ಇರ್ಲಿಲ್ಲ ಅತ್ತೆ."

"ನಾನು ತೊಳೀದೇ ಇದ್ದಿದ್ರೂ?"

"ತೊಳೀದೇ ಇದ್ದಿದ್ರೂ ಇಲ್ಲ."

ಅವಳು ತನ್ನ ಎರಡು ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡಿಕೊಂಡಳು. "ನಿಮ್ಮಾವನ್ನ ನಾನೇ ಅಳಿಸಾಕ್ಬಿಟ್ಟೆ ಅಂದ್ಕೊಂಡಿದ್ದೆ ಕಣೋ. ಅವರು ಹೋದ ದಿನಾನೂ ಅದೇ ಅಂದ್ಕೊಂಡೆ" ಎಂದಳು.

ತಪ್ಪಾಯಿತು ಅತ್ತೆ ಎಂದೆ. ಕೆನ್ನೆಗೆ ಒಂದು ಬಾರಿಸಿದ್ದರೆ ಹಗುರಾಗುತ್ತಿದ್ದೆ. ಅವಳು ಬಾರಿಸಲಿಲ್ಲ. ಬೇರೇನೋ ಕೇಳಿದಳು.

"ಆವತ್ತು ಹೊಸ್ಲು ಮುಂದೆ ನಮ್ಮಿಬ್ಬರನ್ನೂ ನಿಲ್ಸಿದ್ಯಲ್ಲ. ಫೋಟೋನೇ ಇಲ್ಲ ಅಂದ್ಮೇಲೆ ಅದನ್ನ ನೋಡಿರೋನು ನೀನೊಬ್ಬನೇ. ಹೆಂಗೆ ನಿಂತಿದ್ವಿ ಹೇಳು. ನಾನು ಮುಂದಕ್ಕೆ ನೋಡ್ತಿದ್ದೆ, ಪಕ್ಕದಲ್ಲಿ ಅವರು ಹೆಂಗಿದ್ರೋ ನಂಗೆ ಕಾಣ್ಲಿಲ್ಲ."

ನಾಲಿಗೆಯ ತುದಿಗೆ ಒಂದು ಚೆಂದದ ರೀಲು ಬಂದು ಕೂತಿತು. ಮಾವ ನಿನ್ನನ್ನೇ ನೋಡುತ್ತಿದ್ದರು ಅತ್ತೆ ಎಂದರೆ ಸಾಕಿತ್ತು, ಅವಳು ಖುಷಿಪಡುತ್ತಿದ್ದಳು. ಅದನ್ನು ನುಂಗಿಕೊಂಡು, ಕಿಟಕಿಯಲ್ಲಿ ಕಂಡದ್ದನ್ನು ಜ್ಞಾಪಿಸಿಕೊಂಡೆ. ಅದು ಚೆನ್ನಾಗಿಯೇ ಜ್ಞಾಪಕವಿತ್ತು.

"ನಿನ್ನದು ಹಸಿರು ಸೀರೆ. ರೆಪ್ಪೆ ಹೊಡೀದೆ ನಿಂತಿದ್ದೆ. ಈ ಕ್ಯಾಮೆರಾದಲ್ಲಿ ಮನುಷ್ಯರು ಎರಡೆರಡು ಕಾಣ್ತಾರೆ ಅತ್ತೆ, ಒಂದು ಮಾಡ್ಕೊಂಡು ಒತ್ಬೇಕು. ನಿನ್ನ ಮುಖ ಸುಲಭವಾಗಿ ಒಂದಾಯ್ತು. ಮಾವನದ್ದು ಮಾತ್ರ ಆಗ್ತಾನೇ ಇಲ್ಲ. ಒಂದಾಯ್ತು ಅನ್ನೋಷ್ಟ್ರಲ್ಲಿ ಮುಂದಕ್ಕೆ ಬರ್ತಾರೆ, ಹಿಂದಕ್ಕೆ ಹೋಗ್ತಾರೆ. ಯಾಕಪ್ಪಾ ಹಿಂಗೆ ಅಂತ ಕೆಳಕ್ಕೆ ನೋಡಿದ್ರೆ, ಪಂಚೆ ಕೆಳಗೆ ಹಿಮ್ಮಡಿ ನೆಲದ ಮೇಲಿಲ್ಲ. ತುದಿಗಾಲಲ್ಲಿ ನಿಂತವ್ರೆ."

ಅತ್ತೆ ಮಾವನಿಗಿಂತ ನಾಲ್ಕು ಬೆರಳು ಎತ್ತರ. ಅವರ ಮದುವೆಯ ದಿನದಿಂದಲೂ ಊರಿಗೆ ಅದೊಂದು ತಮಾಷೆ. ಅದಕ್ಕೇ ಅವಳು ಮಾವನ ಜೊತೆ ನಡೆಯುವಾಗ ಅರ್ಧ ಹೆಜ್ಜೆ ಹಿಂದೆ, ಸ್ವಲ್ಪ ಬಗ್ಗಿಯೇ ನಡೆಯುತ್ತಿದ್ದಳು. ಮಾವ ಮಾತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಂಡವರಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಅವಳೂ ಹಾಗೇ ತಿಳಿದಿದ್ದಳು.

"ತುದಿಗಾಲಲ್ಲಾ?" ಎಂದಳು.

"ಹೂಂ ಅತ್ತೆ. ನಾನು ನೋಡಿದ್ದು ಅವರ್ಗೂ ಗೊತ್ತಾಯ್ತು. ನಿಂಗೆ ಹೇಳ್ಬೇಡ ಅಂತ ಕಣ್ಣು ಮಿಟುಕಿಸಿದ್ರು."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂದರೂ ಬಿಡದೆ ನಕ್ಕಳು. ನನಗೂ ನಗು ಬಂತು. ಕೆಳಗಿನಿಂದ ಮಂಜುಳ ಅಮ್ಮನನ್ನು ಕೂಗಿದಳು, ನಾವು ನಗುತ್ತಲೇ ಇದ್ದೆವು. ಆಮೇಲೆ ಅತ್ತೆಯ ನಗು ತಟ್ಟನೆ ನಿಂತಿತು. ಏನನ್ನೋ ಲೆಕ್ಕ ಹಾಕುತ್ತಿರುವವಳಂತೆ ನನ್ನ ಕೊರಳಲ್ಲಿದ್ದ ಕ್ಯಾಮೆರಾವನ್ನು ನೋಡಿದಳು.

"ಎಷ್ಟ್ ಹೊತ್ತು ತಿರುಗಿಸ್ತಿದ್ದೆ ಅದನ್ನ?"

"ಬಹಳ ಹೊತ್ತೇ ಆಯ್ತು ಅತ್ತೆ. ನಂಗಿನ್ನೂ ಸರಿಯಾಗಿ ಬರ್ತಿರ್ಲಿಲ್ಲ."

ಸುಳ್ಳಿಗೆ ಬೈಯದಿದ್ದವಳು, ಇಷ್ಟು ವರ್ಷ ಹೊತ್ತ ಅಪವಾದಕ್ಕೆ ಬೈಯದಿದ್ದವಳು, ಆಗ ಕುರ್ಚಿಯಿಂದ ಎದ್ದೇ ನಿಂತಳು.

"ಅಷ್ಟ್ ಹೊತ್ತೂ ಅವರು ಹಂಗೇ ನಿಂತಿದ್ರಾ? ಥೂ ನಿನ್ನ. ಹಿಂದಿನ ದಿನವೆಲ್ಲ ಚಪ್ಪರಕ್ಕೆ ಓಡಾಡಿ ಕಾಲು ಊದ್ಕೊಂಡಿತ್ತು ಕಣೋ ಅವರ್ಗೆ. ಬೇಗ ಒತ್ತಕ್ಕೆ ಏನಾಗಿತ್ತೋ ನಿಂಗೆ?"